ಹಳೆಯ ಟ್ರ್ಯಾಕ್ಟರಿನ ಹಿಂದಿನ ದೀಪಗಳು: ದೋಷ ಪತ್ತೆ ಮತ್ತು ಹೊಸ ತಂತಿ ಜೋಡಣೆ

ಕಬ್ಬು ಕಟಾವಿನ ಕಾಲದಲ್ಲಿ ರಾತ್ರಿ ಹೊತ್ತು ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಓಡಾಡುವ ರೈತ ಬಾಂಧವರಿಗೆ ಈ ಅನುಭವ ಹೊಸದಲ್ಲ. ರಸ್ತೆ ಖಾಲಿ ಇದೆಯೆಂದು ಹೋಗುತ್ತಿರುವಾಗ ಕತ್ತಲಿನಿಂದ ಒಮ್ಮೆಲೇ ಕಬ್ಬಿನ ಗೋಡೆಯೊಂದು ಎದ್ದು ನಿಲ್ಲುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಮೋಟಾರ್ ಸೈಕಲ್ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಸವಾರನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣತಕ್ಕದ್ದು. ನಮ್ಮ ಎಷ್ಟು ಟ್ರೇಲರುಗಳು ಹದಿನೈದು ಮೀಟರಿನಿಂದಾದರೂ ಕಾಣುತ್ತವೆ?

ಬೇಸಾಯಶಾಸ್ತ್ರದವನಿಗೆ ದೀಪದ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ 25 ಅಶ್ವಶಕ್ತಿಯ ಹಳೆಯ ಎಚ್.ಎಂ.ಟಿ. 2511 ಟ್ರ್ಯಾಕ್ಟರ್ ಇದೆ. ಒಂದು ವರ್ಷ ಆಯುಧಪೂಜೆಗೆಂದು ನಾವೇ ಅದರ ಮಡ್‌ಗಾರ್ಡುಗಳಿಗೆ ಬಣ್ಣ ಬಳಿದೆವು. ಅಂದಿನಿಂದ ಹಿಂದಿನ ದೀಪ ಮಂಕಾಯಿತು. ಮೂರು ಬಲ್ಬು ಬದಲಿಸಿದರೂ ಪ್ರಯೋಜನವಾಗಲಿಲ್ಲ. ಒಂದು ರಾತ್ರಿ ನಮ್ಮ ಹಿಂದೆ ಬಂದ ಬೈಕಿನ ಹುಡುಗ ಕೊನೆಯ ಗಳಿಗೆಯಲ್ಲಿ ಟ್ರೇಲರ್ ಕಂಡು ಚರಂಡಿಗೆ ಬಿದ್ದನು. ಮೊಣಕೈ ತರಚಿತು, ಅಷ್ಟೇ. ಮರುದಿನ ದೀಪ ಬಿಚ್ಚಿ ನೋಡಿದರೆ ದೋಷವಿದ್ದದ್ದು ನಾವು ಬಳಿದ ಬಣ್ಣದಲ್ಲಿ.

ಇದಕ್ಕೆ ಕಾರಣವನ್ನು ತಿಳಿದುಕೊಳ್ಳುವುದು ಅವಶ್ಯ. ಗದ್ದೆಗೆ ಹಾಯಿಸಿದ ನೀರು ಬಾವಿಗೆ ಮರಳಬೇಕಿಲ್ಲ. ವಿದ್ಯುತ್ತು ಹಾಗಲ್ಲ, ಬ್ಯಾಟರಿಯಿಂದ ಹೊರಟದ್ದು ಬ್ಯಾಟರಿಗೇ ಮರಳಬೇಕು. ವಾಹನಗಳಲ್ಲಿ ಹೋಗುವ ದಾರಿಗೆ ತಂತಿ ಇರುತ್ತದೆ, ಬರುವ ದಾರಿ ವಾಹನದ ಕಬ್ಬಿಣದ ಮೈಯೇ. ಇದನ್ನು ಅರ್ತ್ ಎನ್ನುತ್ತಾರೆ. ದೀಪದ ಬುಡಕ್ಕೂ ಮಡ್‌ಗಾರ್ಡಿಗೂ ನಡುವೆ ತುಕ್ಕು, ಕೆಸರು ಅಥವಾ ಬಣ್ಣ ಸೇರಿದರೆ ಮರಳುವ ದಾರಿ ಕಟ್ಟುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಬಲ್ಬು ಸುಟ್ಟು ಕೆಟ್ಟ ದೀಪಗಳಿಗಿಂತ ಹೀಗೆ ಕೆಟ್ಟವನ್ನೇ ನಾನು ಹೆಚ್ಚು ಕಂಡಿದ್ದೇನೆ.

ಪರೀಕ್ಷೆ ಸುಲಭ. ದೀಪ ಹಾಕಿ, ಒಂದು ಉದ್ದನೆಯ ತಂತಿಯ ಒಂದು ತುದಿಯನ್ನು ಹೋಲ್ಡರಿನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ಮುಟ್ಟಿಸಿರಿ. ಅರ್ತ್ ತುದಿ ಸಾಮಾನ್ಯವಾಗಿ ಋಣ, ಅಂದರೆ ಮೈನಸ್. ಕೆಲವು ಬಹು ಹಳೆಯ ಟ್ರ್ಯಾಕ್ಟರುಗಳಲ್ಲಿ ಪ್ಲಸ್ ತುದಿಯನ್ನೇ ಮೈಗೆ ಕಟ್ಟಿರುತ್ತಾರೆ, ಆದ್ದರಿಂದ ಮೊದಲು ನೋಡಿಕೊಳ್ಳಿರಿ. ಮುಟ್ಟಿಸಿದೊಡನೆ ದೀಪ ಪ್ರಕಾಶವಾದರೆ ದೋಷ ಅರ್ತ್‌ನಲ್ಲಿದೆ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಜೊತೆಗೆ ಮಿಣುಕುವುದು ಇದೇ ರೋಗದ ಲಕ್ಷಣ. ದೀಪದ ಬುಡ ಕೂರುವ ಜಾಗವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ನಟ್ಟು ಬಿಗಿದು, ಮೇಲೆ ಗ್ರೀಸ್ ಸವರಬೇಕು. ಹೋಲ್ಡರಿನ ಹಿತ್ತಾಳೆಗೆ ಹಿಡಿದ ಕಿಲುಬನ್ನೂ ತೆಗೆಯಬೇಕು.

ಬಲ್ಬಿನ ಬಗ್ಗೆ ಒಂದು ಮಾತು. 12 ವೋಲ್ಟಿನ 21/5 ವ್ಯಾಟ್ ಬಲ್ಬಿನಲ್ಲಿ ಎರಡು ಎಳೆಗಳಿವೆ: 5 ವ್ಯಾಟಿನದು ಹಿಂದಿನ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಅದರ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ಬಲವಂತವಾಗಿ ತಿರುಗಿಸಿ ಕೂರಿಸಿದರೆ ಕೆಲಸ ಅದಲುಬದಲಾಗುತ್ತದೆ.

ತಂತಿಗಳು ಬಿರುಕು ಬಿಟ್ಟಿದ್ದರೆ ಅಥವಾ ಇಲಿ ಕಡಿದಿದ್ದರೆ (ಶೇಂಗಾ ಇಡುವ ಕೊಟ್ಟಿಗೆಯಲ್ಲೇ ಟ್ರ್ಯಾಕ್ಟರ್ ನಿಲ್ಲಿಸುವವರಿಗೆ ಇದು ಗೊತ್ತು) ತೇಪೆ ಹಾಕದೆ ಹೊಸದನ್ನೇ ಎಳೆಯುವುದು ಉತ್ತಮ. ಮೊದಲು ಬ್ಯಾಟರಿಯ ಅರ್ತ್ ತುದಿ ಬಿಚ್ಚಿರಿ. ಮನೆಗೆ ಬಳಸುವ ಗಟ್ಟಿ ಒಂಟಿ ಎಳೆಯ ತಂತಿ ಬೇಡ. ಅದುರಾಟಕ್ಕೆ ಒಳಗೇ ಮುರಿಯುತ್ತದೆ. 1.5 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ ತಂತಿ ಸಾಕು. ತಗಡಿನ ರಂಧ್ರದಲ್ಲಿ ಹಾಯುವಲ್ಲೆಲ್ಲ ರಬ್ಬರ್ ಬಳೆ ಇರಬೇಕು, ಸೈಲೆನ್ಸರಿನಿಂದ ದೂರವಿರಬೇಕು. ಬರೀ ಟೇಪು ಸುತ್ತಿದ ಜೋಡಣೆ ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ, ಬೆಸುಗೆ ಹಾಕಿಸಿರಿ.

ಟ್ರ್ಯಾಕ್ಟರ್, ಟ್ರೇಲರ್ ಎರಡರ ನಾಲ್ಕು ಹಿಂದೀಪಗಳೂ ನಂಬರ್ ಪ್ಲೇಟಿನ ದೀಪವೂ ಸೇರಿ 25 ವ್ಯಾಟ್, ಅಂದರೆ ಸುಮಾರು 2 ಆಂಪಿಯರ್. 5 ಆಂಪಿಯರ್ ಫ್ಯೂಸ್ ಸಾಕು. ನಾಲ್ಕು ಬ್ರೇಕ್ ದೀಪಗಳಿಗೆ 7 ಆಂಪಿಯರ್ ಬೇಕಾಗುವುದರಿಂದ ಬೇರೆಯೇ 10 ಆಂಪಿಯರ್ ಫ್ಯೂಸ್ ಹಾಕಬೇಕು. ಸುಟ್ಟ ಫ್ಯೂಸಿಗೆ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತುವ ಜಾಣತನ ಒಣಹುಲ್ಲು ಸಾಗಿಸುವ ವಾಹನಕ್ಕೆ ಖಂಡಿತ ಸಲ್ಲದು.

ಟ್ರೇಲರಿನಲ್ಲಿ ತೊಂದರೆ ಇನ್ನೂ ಹೆಚ್ಚು. ಅನೇಕರು ಒಂದೇ ತಂತಿ ಎಳೆದು, ಮರಳುವ ದಾರಿಯನ್ನು ಕೊಂಡಿಯ ಪಿನ್ನಿಗೆ ಬಿಡುತ್ತಾರೆ. ಗ್ರೀಸು ಮಣ್ಣು ಮೆತ್ತಿದ ಆ ಪಿನ್ನು ಪ್ರತಿ ಗುಂಡಿಗೂ ಸಂಪರ್ಕ ಬಿಡುತ್ತದೆ. ಆದ್ದರಿಂದ ಅರ್ತ್‌ಗೆ ಪ್ರತ್ಯೇಕ ತಂತಿ ಎಳೆಯಲೇಬೇಕು. ಏಳು ಪಿನ್ನಿನ ಸಾಕೆಟ್ ಹಾಕಿಸಿದರೆ 3ನೆಯದು ಅರ್ತ್ (ಬಿಳಿ), 5 ಬಲ ಹಿಂದೀಪ (ಕಂದು), 7 ಎಡ ಹಿಂದೀಪ (ಕಪ್ಪು), 6 ಬ್ರೇಕ್ (ಕೆಂಪು), 1 ಎಡ ಇಂಡಿಕೇಟರ್ (ಹಳದಿ), 4 ಬಲ ಇಂಡಿಕೇಟರ್ (ಹಸಿರು). ಊರ ಮೆಕ್ಯಾನಿಕ್ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು, ಬಲ್ಬು ಹಚ್ಚಿ ಖಾತ್ರಿ ಮಾಡಿಕೊಳ್ಳಿರಿ. ಎಲ್‌ಇಡಿ ದೀಪ ಹಾಕುವವರು ಪ್ಲಸ್ ಮೈನಸ್ ತಪ್ಪದಂತೆ ಜೋಡಿಸಬೇಕು, ತಿರುವುಮುರುವಾದರೆ ಅದು ಉರಿಯದು.

ದೀಪವೆಲ್ಲ ಸರಿಯಿದ್ದರೂ ಹೇರಿದ ಕಬ್ಬಿನ ಸೋಗೆ ಅದನ್ನು ಮುಚ್ಚಿಬಿಡುವುದುಂಟು. ಇದಕ್ಕೆ ಟ್ರೇಲರಿನ ಅಗಲದ ಹಲಗೆಯೊಂದಕ್ಕೆ ಎರಡೂ ದೀಪಗಳನ್ನೂ ಕೆಂಪು ಪ್ರತಿಫಲಕಗಳನ್ನೂ ಕೂರಿಸಿ, ಉದ್ದ ತಂತಿ ಬಿಟ್ಟು, ಹೇರಿದ ಮೇಲೆ ಹೊರೆಯ ಹಿಂದೆ ಹಗ್ಗದಿಂದ ಬಿಗಿಯಬಹುದು. ಅರ್ತ್ ತಂತಿ ಹಲಗೆಯವರೆಗೂ ಹೋಗಬೇಕು, ಮರಕ್ಕೆ ಅರ್ತ್ ಆಗದು. ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಮುನ್ನ ಹಲಗೆಯನ್ನು ಬಿಚ್ಚಿಟ್ಟುಕೊಂಡು, ಖಾಲಿ ಟ್ರೇಲರ್ ಹೊರಡುವಾಗ ಮತ್ತೆ ಕಟ್ಟಿಕೊಳ್ಳಿರಿ.