ಕೊಳಚೆನೀರಿನ ಕೆಂಪು ಜೀವಿ

ಕೊಳಚೆನೀರನ್ನು ಶುದ್ಧ ಮಾಡುವವರನ್ನು ಹೆಚ್ಚು ಕಾಡುವುದು ನೀರಿನಲ್ಲಿ ಕರಗಿ ಕೂತ ಅಮೋನಿಯಾ. ಅದು ಹಾಗೇ ಕೆರೆ ಸೇರಿದರೆ ಮೀನು ಸಾಯುತ್ತವೆ, ಪಾಚಿ ಹಬ್ಬುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಮೊದಲ ಗುಂಪಿಗೆ ಹಗಲಿರುಳೂ ಗಾಳಿ ಊದಬೇಕು, ಅದಕ್ಕೆ ಸುಡುವ ಕರೆಂಟು ಕಡಿಮೆಯಲ್ಲ. ಎರಡನೆಯದಕ್ಕೆ ಇಂಗಾಲದ ಆಹಾರ ಸಾಲದಿದ್ದರೆ ಮೆಥನಾಲ್ ಕೊಂಡು ಸುರಿಯಬೇಕು.

ಆಮ್ಲಜನಕವೇ ಇಲ್ಲದೆ ಅಮೋನಿಯಾ ತಿಂದು ಬದುಕುವ ಜೀವಿ ಇರಲೇಬೇಕೆಂದು ವಿಯೆನ್ನಾದ ಎಂಗೆಲ್ಬರ್ಟ್ ಬ್ರೋಡಾ 1977ರಲ್ಲಿ ಬರೆದರು. ಅವರ ಕೈಯಲ್ಲಿದ್ದದ್ದು ಶಕ್ತಿಯ ಲೆಕ್ಕಾಚಾರ ಮಾತ್ರ. ಮುಂದೆ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ, ಯೀಸ್ಟ್ ಕಾರ್ಖಾನೆಯೊಂದರ ತ್ಯಾಜ್ಯನೀರಿನ ಪ್ರಾಯೋಗಿಕ ಘಟಕದಲ್ಲಿ, ಗಾಳಿಯಿಲ್ಲದ ಕಡೆಯೂ ಅಮೋನಿಯಾ ಕಾಣೆಯಾಗತೊಡಗಿತು. ಅದನ್ನು ತಿನ್ನುತ್ತಿದ್ದ ಬ್ಯಾಕ್ಟೀರಿಯಾ ಯಾವುದೆಂದು ಗುರುತು ಸಿಕ್ಕಿದ್ದು 1999ರಲ್ಲಿ. ಆ ಗುಂಪನ್ನು ಈಗ ‘ಅನಾಮಾಕ್ಸ್’ ಎನ್ನುತ್ತಾರೆ.

ಇವು ಅಮೋನಿಯಂ (ನೀರಿನಲ್ಲಿ ಕರಗಿದ ಅಮೋನಿಯಾದ ರೂಪ) ಮತ್ತು ಅಮೋನಿಯಾ ನೈಟ್ರೇಟ್ ಆಗುವ ಹಾದಿಯಲ್ಲಿ ನಡುವೆ ಹುಟ್ಟುವ ನೈಟ್ರೈಟನ್ನು ಕೂಡಿಸಿ ನೇರವಾಗಿ ಸಾರಜನಕ ಅನಿಲ ಮಾಡುತ್ತವೆ. ನಡುವೆ ಹುಟ್ಟುವುದು ಹೈಡ್ರಜೀನ್, ರಾಕೆಟ್ ಇಂಧನವಾಗಿ ಬಳಸುವ ಅದೇ ವಿಷ! ಅದಕ್ಕೆಂದೇ ಜೀವಕೋಶದೊಳಗೆ ಪ್ರತ್ಯೇಕ ಕೋಣೆಯಿದೆ. ಅದರ ಪೊರೆಯ ಕೊಬ್ಬಿನ ಅಣುಗಳು ಏಣಿಯ ಮೆಟ್ಟಿಲುಗಳಂತೆ ಒಂದಕ್ಕೊಂದು ಬೆಸೆದ ಇಂಗಾಲದ ಉಂಗುರಗಳಿಂದಾದವು. ಇಂಥ ರಚನೆ ಬೇರೆ ಜೀವಿಗಳಲ್ಲಿ ಕಂಡಿಲ್ಲ. ಕಬ್ಬಿಣವುಳ್ಳ ಪ್ರೋಟೀನುಗಳು ತುಂಬಿರುವುದರಿಂದ ಗಟ್ಟಿಯಾಗಿ ಬೆಳೆದಾಗ ಇವುಗಳ ಬಣ್ಣ ಕಡುಗೆಂಪು. 2003ರಲ್ಲಿ ಇವು ಕಪ್ಪು ಸಮುದ್ರದಲ್ಲೂ ಸಿಕ್ಕವು.

ಇವುಗಳನ್ನು ಸಾಕಲು ತಾಳ್ಮೆ ಬೇಕು. ಆರಂಭದ ಪ್ರಯೋಗಗಳಲ್ಲಿ ಒಂದು ಜೀವಕೋಶ ಎರಡಾಗಲು ಸುಮಾರು ಎರಡು ವಾರ ಹಿಡಿಯುತ್ತಿತ್ತು. ರಾಟರ್‌ಡ್ಯಾಮ್‌ನಲ್ಲಿ 2002ರಲ್ಲಿ ಶುರುವಾದ ಮೊದಲ ದೊಡ್ಡ ರಿಯಾಕ್ಟರ್ ಕೇವಲ 70 ಘನ ಮೀಟರಿನದು. ಪೂರ್ಣ ಹದಕ್ಕೆ ಬರಲು ಅದಕ್ಕೆ ಮೂರೂವರೆ ವರ್ಷ ಬೇಕಾಯಿತು. ಆ ಎಂಜಿನಿಯರುಗಳು ಕೈಬಿಡದೆ ಕಾದದ್ದೇ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಅಲ್ಲಿ ಬೆಳೆದ ಕೆಸರೇ ಮುಂದಿನ ರಿಯಾಕ್ಟರುಗಳಿಗೆ ಬೀಜವಾಯಿತು.

ಆದರೆ ಅಲ್ಲಿನದು ಬೆಚ್ಚಗಿನ, ಅಮೋನಿಯಾ ದಟ್ಟವಾಗಿರುವ ಕೆಸರಿನ ನೀರು. ಊರಿನ ಸಾಮಾನ್ಯ ಕೊಳಚೆ ಅದಕ್ಕಿಂತ ತೆಳು. ಯುರೋಪಿನ ಚಳಿಗಾಲದ ಕೊಳಚೆಯಲ್ಲಂತೂ ಇವು ಮಂದವಾಗುತ್ತವೆ, ನೈಟ್ರೈಟನ್ನು ಬೇರೆ ಬ್ಯಾಕ್ಟೀರಿಯಾಗಳು ಮೊದಲೇ ಕಸಿಯುತ್ತವೆ. ಸಿಂಗಪುರದ ಚಾಂಗಿ ಘಟಕದಲ್ಲಿ ಮಾತ್ರ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸಾಮಾನ್ಯ ಕೊಳಚೆಯಲ್ಲೇ, ಯಾರೂ ಬಿತ್ತದೆ ಅನಾಮಾಕ್ಸ್ ಬೆಳೆದು ಸಾರಜನಕದ ದೊಡ್ಡ ಪಾಲನ್ನು ತೆಗೆಯುತ್ತಿರುವುದು ಕಂಡುಬಂತು. ನಮ್ಮ ನಾಡಿನ ಕೊಳಚೆಯೂ ವರ್ಷದ ಬಹುಪಾಲು ಬೆಚ್ಚಗೇ ಇರುತ್ತದೆ. ಈ ಸಂಶೋಧನೆಯ ಮುಂದಿನ ಹೆಜ್ಜೆಗೆ ಚಳಿದೇಶಗಳಿಗಿಂತ ನಮ್ಮ ಘಟಕಗಳೇ ಹೆಚ್ಚು ತಕ್ಕವು.