ಕರುಳಿನ ಮದ್ದು, ಚರ್ಮದ ದದ್ದು

ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್, ಕರುಳಿನ ಎರಡು ಮುಖ್ಯ ಉರಿಯೂತದ ಕಾಯಿಲೆಗಳು. ಇವು ಇರುವವರ ಮೈಮೇಲೆ ದದ್ದು ಎದ್ದರೆ ಮೊದಲ ಗುಮಾನಿ ಎರಡು ಕಡೆ ಹೋಗುತ್ತದೆ: ಕಾಯಿಲೆಯೇ ಚರ್ಮಕ್ಕೆ ಬಂದಿತೋ, ನುಂಗಿದ ಮಾತ್ರೆ ಒಗ್ಗಲಿಲ್ಲವೋ? ಮೊಣಕಾಲಿನ ಕೆಳಗೆ, ಮುಟ್ಟಿದರೆ ನೋಯುವ ಗಂಟುಗಳು ಸಾಮಾನ್ಯವಾಗಿ ಕಾಯಿಲೆ ಕೆರಳಿದಾಗ ಏಳುತ್ತವೆ. ಕರುಳು ತಣ್ಣಗಾದರೆ ಅವೂ ಇಳಿಯುತ್ತವೆ. ಅಲ್ಲಿ ಚಿಕಿತ್ಸೆ ಬಿಗಿಯಾಗಬೇಕು. ದದ್ದಿಗೆ ಮದ್ದೇ ಕಾರಣವಾದರೆ ಅದನ್ನು ನಿಲ್ಲಿಸಬೇಕಾಗಬಹುದು.

ಹಳೆಯ ಆರೋಪಿ ಸಲ್ಫಾಸಲಜೀನ್. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಇದನ್ನು ಮೊದಲು ಕೀಲುವಾತಕ್ಕೆಂದು ಬಳಕೆಗೆ ತಂದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಈ ಮಾತ್ರೆಯನ್ನು ಎರಡು ತುಂಡು ಮಾಡುತ್ತವೆ. 1977ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ತೋರಿಸಿದಂತೆ, ಕರುಳನ್ನು ಗುಣಪಡಿಸುವುದು ಅದರಲ್ಲಿ ಒಂದು ತುಂಡು ಮಾತ್ರ. ಇನ್ನೊಂದು, ಸಲ್ಫಾ ಜಾತಿಯದು, ರಕ್ತಕ್ಕೆ ಸೇರಿ ತುರಿಕೆ, ಪಿತ್ತಗಂಧೆ, ಬಿಸಿಲಿಗೆ ಚರ್ಮ ಉರಿಯುವುದು ಮುಂತಾದ ತೊಂದರೆಗಳಿಗೆ ಕಾರಣವಾಗುತ್ತದೆ. ಸಲ್ಫಾ ಇಲ್ಲದ ಮೆಸಲಮೀನ್ ಬಳಕೆಗೆ ಬಂದದ್ದು ಇದರಿಂದಲೇ.

ವೈದ್ಯರು ಬರೆದುಕೊಟ್ಟ ಮದ್ದಷ್ಟೇ ಅಲ್ಲ, ಅಂಗಡಿಯಲ್ಲಿ ತಾವೇ ಕೊಂಡ ಮಾತ್ರೆಯೂ ಆರೋಪಿಯಾಗಬಹುದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ, ಬಂಗಾರಪೇಟೆಯ ಕವಲು ರೈಲುಹಾದಿ ಕೊನೆಯಾಗುವ ಮಾರಿಕುಪ್ಪಂನಿಂದ ಬೆಂಗಳೂರಿಗೆ ದುಡಿಯಲು ಹೋಗುವುದು ನಿತ್ಯದ ಮಾತು. ರಜೆ ಹಾಕಿದರೆ ಕೂಲಿ ಹೋಗುವ ಇಂಥ ಬದುಕಿನಲ್ಲಿ, ರಕ್ತ ಬೆರೆತ ಭೇದಿಯನ್ನು ಆಮಶಂಕೆ ಎಂದೋ ಮೂಲವ್ಯಾಧಿ ಎಂದೋ ಬಗೆದು ಮೆಡಿಕಲ್ ಶಾಪಿನ ನಾರ್‌ಫ್ಲಾಕ್ಸಸಿನ್–ಟಿನಿಡಜೋಲ್‌ಗೆ ಮೊರೆಹೋಗುವುದು ಸುಲಭ. ಆ ಮಾತ್ರೆ ಇನ್ನೊಂದು ಬಗೆಯ ದದ್ದಿಗೂ ಕಾರಣವಾಗಬಲ್ಲದು. ತುಟಿಯ ಅಂಚಿನಲ್ಲೋ ಕೈ ಮೇಲೋ ನಾಣ್ಯದಷ್ಟು ದುಂಡನೆಯ ಮಚ್ಚೆ ಎದ್ದು ಉರಿಯುತ್ತದೆ. ಮಾಯ್ದ ಮೇಲೂ ಬೂದುಗಪ್ಪು ಕಲೆ ಉಳಿಯುತ್ತದೆ. ತಿಂಗಳುಗಳ ನಂತರ ಅದೇ ಮಾತ್ರೆ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅದೇ ಜಾಗ ಮತ್ತೆ ಉರಿಯುತ್ತದೆ. ಚರ್ಮ ಇಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳುವುದು ಅಪರೂಪ.

ಕರುಳಿನ ಉರಿಯೂತ ತಗ್ಗಿಸಲು ಕೊಡುವ ಅಜಥಯೋಪ್ರಿನ್ ಶುರುವಾದ ಮೊದಲ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರದ ಜತೆಗೆ ನೋಯುವ ಗುಳ್ಳೆಗಳು ಬರುತ್ತವೆ. ಇದನ್ನು ಸೋಂಕೆಂದು ತಪ್ಪು ತಿಳಿಯುವುದುಂಟು. ಬಾಚಣಿಗೆ ತುಂಬ ಕೂದಲು ಬಂದರೆ ಕೂಡಲೇ ರಕ್ತಪರೀಕ್ಷೆ ಆಗಬೇಕು. ಎನ್‌ಯುಡಿಟಿ15 ಎಂಬ ಜೀನಿನ ಮಾರ್ಪಾಡು ಏಷ್ಯಾದ ಜನರಲ್ಲಿ ಹೆಚ್ಚು. ಅದಿರುವವರಿಗೆ ಸಾಮಾನ್ಯ ಡೋಸೇ ಅತಿಯಾಗಿ, ಕೂದಲು ಉದುರುತ್ತದೆ, ಬಿಳಿ ರಕ್ತಕಣ ಕುಸಿಯುತ್ತವೆ.

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇಂಜೆಕ್ಷನ್ನುಗಳ ಕಥೆ ವಿಚಿತ್ರ. ಸೋರಿಯಾಸಿಸ್‌ಗೂ ಕೊಡುವ ಈ ಔಷಧಗಳೇ ಕೆಲವು ಕರುಳು ರೋಗಿಗಳ ಅಂಗೈ, ಅಂಗಾಲು, ನೆತ್ತಿಯಲ್ಲಿ ಸೋರಿಯಾಸಿಸ್ ತರುತ್ತವೆ. ಅಡಗಿರುವ ಕ್ಷಯವನ್ನೂ ಇವು ಎಬ್ಬಿಸಬಲ್ಲವು. ಹಾಗಾಗಿ ಇಂಜೆಕ್ಷನ್ನಿಗೆ ಮೊದಲು ಕ್ಷಯದ ಪರೀಕ್ಷೆ ಎಲ್ಲರಿಗೂ ಬೇಕು. ಗಣಿಯ ಕಲ್ಲುದೂಳಿನಿಂದ ಸಿಲಿಕೋಸಿಸ್ ಆಗಿರುವವರಿಗೆ ಕ್ಷಯದ ಅಪಾಯ ಇನ್ನೂ ಹೆಚ್ಚು. ಅಡಗಿದ ಕ್ಷಯಕ್ಕೆ ಕೊಡುವ ಮಾತ್ರೆಗಳೂ ದದ್ದು ತರಬಲ್ಲವಾದ್ದರಿಂದ ಗುಮಾನಿಯ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ.

ಪಠ್ಯಪುಸ್ತಕಗಳು ಹೇಳುವ ‘ಕೆಂಪು’ ದದ್ದು ಕಪ್ಪು ಮೈಬಣ್ಣದ ಮೇಲೆ ನೇರಳೆಯಾಗಿಯೋ ಕಂದಾಗಿಯೋ ಕಾಣುತ್ತದೆ. ಕಣ್ಣಿಗಿಂತ ಕೈಗೆ ಬೇಗ ತಿಳಿಯುವುದೂ ಉಂಟು. ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣಾಗುವುದು, ಚರ್ಮ ಸುಲಿಯುವುದು, ಮುಖ ಊದುವುದು, ಜ್ವರದ ಜತೆಗೆ ಕಣ್ಣು ಹಳದಿಯಾಗುವುದು, ಇವು ಅಪಾಯದ ಲಕ್ಷಣಗಳು. ಆಗ ಅನುಮಾನದ ಮಾತ್ರೆಯ ಮುಂದಿನ ಡೋಸ್ ನುಂಗದೆ ಅದೇ ದಿನ ಆಸ್ಪತ್ರೆ ಸೇರಬೇಕು. ಸ್ಟಿರಾಯ್ಡ್ ಆದ ಪ್ರೆಡ್ನಿಸೊಲೋನ್ ಮಾತ್ರ ಬೇರೆ ಲೆಕ್ಕ: ಹಲವು ವಾರ ತೆಗೆದುಕೊಂಡವರು ಅದನ್ನು ಒಮ್ಮೆಲೇ ಬಿಡುವಂತಿಲ್ಲ.

ಔಷಧದ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ನಲ್ಲಿದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಮನೆಯವರೂ 1800-180-3024 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಮಾತ್ರೆ ಶುರುವಾದ ದಿನ, ದದ್ದು ಕಂಡ ದಿನ ಎರಡನ್ನೂ ಬರೆದಿಟ್ಟು, ಖಾಲಿ ಸ್ಟ್ರಿಪ್ಪನ್ನು ಎಸೆಯದೆ ಇಟ್ಟುಕೊಂಡಿದ್ದರೆ ಬ್ಯಾಚ್ ನಂಬರನ್ನೂ ಓದಿ ಹೇಳಬಹುದು.