ಕಾಂಪೌಂಡ್ ಗೋಡೆಯ ಪಕ್ಕದ ಬಸಳೆ ಚಪ್ಪರ

ಮುಂಬಯಿ ಕಡೆ ಇರುವುದು ಎರಡೇ ಕಾಲ, ಒಂದು ಮಳೆ, ಇನ್ನೊಂದು ಸೆಕೆ ಎಂದು ಊರಿನವರು ತಮಾಷೆ ಮಾಡುವುದುಂಟು. ಥಾಣೆ ದಾಟಿ ಈಚೆಗೆ ಬಂದು ನೆಲೆಸಿದವರಿಗೆ ಇದು ಪೂರ್ತಿ ನಿಜವಲ್ಲ ಎಂದು ಗೊತ್ತು. ಸಂಕ್ರಾಂತಿಯ ತಿಳಗೂಳ ಮುಗಿದ ಮೇಲೆ ಹೋಳಿಗೆ ಸೌದೆ ಕೂಡಿಹಾಕುವವರೆಗಿನ ಕೆಲವು ವಾರಗಳು ಇಲ್ಲಿನ ವಸಂತ. ಬೆಳಗಿನ ಲೋಕಲ್ ಹಿಡಿಯುವಾಗ ಇನ್ನೂ ತಣ್ಣನೆ ಗಾಳಿ ಇರುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಕಲ್ಯಾಣ್ ದಾಟಿ ಕಸಾರಾ ಕಡೆಗೋ ಕರ್ಜತ್ ಕಡೆಗೋ ಹೋಗುವ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಗದ್ದೆಬದಿಯಲ್ಲಿ ಮುತ್ತುಗದ ಕೆಂಪು ಕಾಣುತ್ತದೆ. ಬೀಜ ಹಾಕುವವರು ಈ ವಾರಗಳಲ್ಲೇ ಹಾಕಬೇಕು. ತಡಮಾಡಿದರೆ ಸಸಿ ಬೇರೂರುವ ಮೊದಲೇ ಏಪ್ರಿಲ್ ಬಿಸಿಲು ಬಂದುಬಿಡುತ್ತದೆ.

ಹಳೆಯ ಕಟ್ಟಡಗಳ ತಪಾಸಣೆ ನನ್ನ ಉದ್ಯೋಗ. ಇಲ್ಲಿನ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಹಾಗಾಗಿ ವಾರದಲ್ಲಿ ಒಂದು ದಿನ ಥಾಣೆ, ಒಂದು ದಿನ ಕಲ್ಯಾಣ್, ಮತ್ತೆರಡು ದಿನ ನವಿ ಮುಂಬಯಿ ಎಂದು ತಿರುಗುತ್ತಿರುತ್ತೇನೆ. ಮನೆ ಡೊಂಬಿವಲಿಯಲ್ಲಿ. ಕಂಬ, ತೊಲೆ, ಸೋರುವ ಟೆರೇಸು ನೋಡಲು ಹೋದವನ ಕಣ್ಣಿಗೆ ಎಲ್ಲ ಕಡೆಯೂ ಬೀಳುವ ಇನ್ನೊಂದು ವಸ್ತು ಇದೆ. ಅದು ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಉಳಿದ ಎರಡು ಮೂರು ಅಡಿ ಅಗಲದ ಮಣ್ಣಿನ ಪಟ್ಟಿ.

ನಕ್ಷೆಯಲ್ಲಿ ಅದಕ್ಕೆ ಸೈಡ್ ಮಾರ್ಜಿನ್ ಎಂದು ಹೆಸರು. ಮೂರು ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಅದೇ ಎಲ್ಲರ ಹಿತ್ತಲು. ನಮ್ಮ ಕಟ್ಟಡದ ಪಟ್ಟಿಯಲ್ಲಿ ಒಂದು ಕರಿಬೇವಿನ ಮರ, ಒಂದು ನುಗ್ಗೆ, ದಾಸವಾಳ, ಎರಡು ಬಾಳೆ, ಒಂದು ತುಳಸಿಕಟ್ಟೆ ಇವೆ. ಮೂಲೆಯಲ್ಲಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಬಸಳೆ ಚಪ್ಪರ. ಬಿದಿರಿನ ಗಳು ಸಿಗದ ಕಾರಣ ಯಾರೋ ಬಿಸಾಡಿದ ಪಿವಿಸಿ ಪೈಪು ಮತ್ತು ಕೇಬಲ್ ವೈರಿನಿಂದ ಕಟ್ಟಿದ್ದು. ಅದರ ಯಜಮಾನಿ ಮೂರನೇ ಮಾಳಿಗೆಯ ಅಕ್ಕ, ಕಾರ್ಕಳ ಕಡೆಯವರು. ಮದುವೆಯಾಗಿ ಬಂದ ವರ್ಷ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ನಾಲ್ಕು ತುಂಡು ಬಳ್ಳಿಯೇ ಇದರ ಮೂಲ ಎಂದು ಅವರು ಹೇಳುತ್ತಾರೆ.

ಬಸಳೆ ನೆಡುವುದು ಬಹಳ ಸುಲಭ. ಬಲಿತ ಬಳ್ಳಿಯನ್ನು ನಾಲ್ಕೈದು ಗೆಣ್ಣು ಇರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಬೇಕು. ಮೊದಲ ವಾರ ನೆರಳು, ಆಮೇಲೆ ಬಿಸಿಲು. ಊರಿನಲ್ಲಾದರೆ ಬುಡಕ್ಕೆ ಸುಡುಮಣ್ಣು, ಒಲೆಯ ಬೂದಿ, ಹಟ್ಟಿಗೊಬ್ಬರ. ಇಲ್ಲಿ ಗ್ಯಾಸ್ ಒಲೆಯಿಂದ ಬೂದಿ ಎಲ್ಲಿ ಬರಬೇಕು? ಅಕ್ಕ ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ಹೋಳಿಯ ಮರುದಿನ ಬೆಳಗ್ಗೆ ಬೀದಿ ತುದಿಯ ಹೋಳಿಯ ಬೂದಿ ತಣ್ಣಗಾದ ಮೇಲೆ ಒಂದು ಬಕೆಟ್ ತುಂಬಿಸಿಕೊಂಡು ಬರುತ್ತಾರೆ. ಅಕ್ಕಿ ತೊಳೆದ ನೀರು ದಿನವೂ ಕೆಳಗಿಳಿಯುತ್ತದೆ.

ಈ ಪಟ್ಟಿಯಲ್ಲಿ ಗಿಡಗಳ ಜೊತೆ ಹೆಸರುಗಳ ಕೊಡುಕೊಳ್ಳುವಿಕೆಯೂ ನಡೆಯುತ್ತದೆ. ನೆಲಮಾಳಿಗೆಯ ಆಜಿ ರತ್ನಾಗಿರಿ ಕಡೆಯವರು. ನಮ್ಮ ಬಸಳೆ ಅವರಿಗೆ ಮಾಯಾಳು. ನಮ್ಮ ಕೆಸು ಅವರ ಅಳು, ನಮ್ಮ ಪತ್ರೊಡೆಗೆ ಅಣ್ಣತಮ್ಮನಂತಿರುವುದು ಅವರ ಅಳುವಡಿ. ಹರಿವೆಗೆ ಮಾಠ, ಅಲಸಂದೆಗೆ ಚವಳಿ, ನುಗ್ಗೆಗೆ ಶೇವಗಾ, ದಾಸವಾಳಕ್ಕೆ ಜಾಸ್ವಂದ. ಬ್ಯಾಂಕು, ಸ್ಟೇಷನ್ನುಗಳಲ್ಲಿ ಹತ್ತು ವರ್ಷದಲ್ಲಿ ಕಲಿಯದ ಮರಾಠಿಯನ್ನು ನಮ್ಮ ಅನೇಕ ಹೆಂಗಸರು ಈ ಮೂರಡಿ ಮಣ್ಣಿನಲ್ಲಿ ಕಲಿತಿದ್ದಾರೆ. ಆಜಿಯೂ ಈಗ “ಬಸಳೆ” ಎಂದೇ ಹೇಳುತ್ತಾರೆ. ಕೊದ್ದೆಲ್ ಮಾಡಿದ ದಿನ ಮೇಲಿನಿಂದ ಒಂದು ಡಬ್ಬಿ ಕೆಳಗೆ ಹೋಗುತ್ತದೆ, ಸಂಜೆ ಅದೇ ಡಬ್ಬಿಯಲ್ಲಿ ಅಳುವಡಿಯೋ ಸೋಲಕಡಿಯೋ ಮೇಲೆ ಬರುತ್ತದೆ. ಖಾಲಿ ಡಬ್ಬಿ ವಾಪಸು ಕೊಡಬಾರದು ಎಂಬ ನಿಯಮ ಎರಡೂ ಊರುಗಳದ್ದು.

ಹಳ್ಳಿಬದುಕು ನಗರದೊಳಗೆ ಉಳಿದಿರುವುದನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ ನವಿ ಮುಂಬಯಿಗೆ ಹೋಗಬೇಕು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದಾಗ ಹೊಸ ನಗರಕ್ಕೆಂದು ಗುರುತಿಸಿದ ಜಾಗದಲ್ಲಿ 95 ಹಳ್ಳಿಗಳಿದ್ದವು. ಹೆಚ್ಚಿನವರು ಆಗ್ರಿ ಮತ್ತು ಕೋಳಿ ಸಮುದಾಯದವರು. ಭತ್ತ, ಉಪ್ಪು, ಮೀನು ಅವರ ಜೀವನ. ಗದ್ದೆ ಹೋಯಿತು, ಮನೆಗಳ ಗುಂಪು ಮಾತ್ರ “ಗಾಂವಠಾಣ” ಎಂಬ ಹೆಸರಿನಲ್ಲಿ ಸೆಕ್ಟರುಗಳ ನಡುವೆ ಉಳಿಯಿತು. ಜಮೀನಿನ ಪರಿಹಾರಕ್ಕಾಗಿ ದಿ.ಬಾ. ಪಾಟೀಲರ ನಾಯಕತ್ವದಲ್ಲಿ 1984ರ ಜನವರಿಯಲ್ಲಿ ಉರಣ್ ಬಳಿ ನಡೆದ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಜಮೀನಿಗೆ ಬದಲಾಗಿ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿ ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. ಇವತ್ತು ನಾವು ನೆರೂಲ್, ವಾಶಿ, ಖಾರ್ಘರ್‌ಗಳಲ್ಲಿ ಫ್ಲ್ಯಾಟ್ ಕೊಂಡು ಬಾಲ್ಕನಿಯಲ್ಲಿ ಕುಂಡ ಇಡುವಾಗ ಕೆಳಗಿರುವುದು ಯಾರದೋ ಗದ್ದೆಯ ಮಣ್ಣು ಎಂಬುದನ್ನು ನೆನಪಿಡುವುದು ಒಳ್ಳೆಯದು.

ಆ ಗದ್ದೆಯ ರುಚಿ ಜನವರಿ, ಫೆಬ್ರವರಿಯಲ್ಲಿ ಇನ್ನೂ ಸಿಗುತ್ತದೆ. ಪನವೇಲ್, ಉರಣ್, ಅಲಿಬಾಗ್ ಕಡೆ ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ಪಸೆಯಲ್ಲೇ ವಾಲ್ ಬೆಳೆಯುತ್ತಾರೆ. ವಾಲ್ ಎಂದರೆ ನಮ್ಮ ಅವರೆಯ ಬಳಗದ್ದೇ. ಅದರ ಎಳೆಕಾಯಿಯಿಂದ ಮಾಡುವ ಪೋಪಟಿ ಎಂಬ ಅಡುಗೆ ಇದೆ. ಮಣ್ಣಿನ ಮಡಕೆಯ ತಳಕ್ಕೆ ಭಾಂಬುರ್ಡಾ ಎಂಬ ಕಾಡುಸೊಪ್ಪು ಹಾಸಿ, ಸಿಪ್ಪೆ ಸಮೇತ ಅವರೆಕಾಯಿ, ಆಲೂಗಡ್ಡೆ, ಉಪ್ಪು, ಓಮ, ಬೇಕಾದವರಿಗೆ ಮೊಟ್ಟೆ ಅಥವಾ ಕೋಳಿ ತುಂಬಿ, ಬಾಯಿಗೆ ಮತ್ತೆ ಅದೇ ಸೊಪ್ಪು ತುರುಕಿ, ಮಡಕೆಯನ್ನು ಬೋರಲು ಹಾಕಿ ಸುತ್ತ ಹುಲ್ಲು ತರಗೆಲೆ ಉರಿಸುತ್ತಾರೆ. ಒಂದು ತೊಟ್ಟು ನೀರಿಲ್ಲದೆ ಸೊಪ್ಪಿನ ಹಬೆಯಲ್ಲೇ ಬೇಯುತ್ತದೆ. ನಾನು ಕೆಲಸಕ್ಕೆ ಹೋದ ಸೊಸೈಟಿಯೊಂದರ ಹಿಂದೆ, ಗಾಂವಠಾಣದ ಖಾಲಿ ಜಾಗದಲ್ಲಿ, ಕಟ್ಟಡದವರೂ ಹಳ್ಳಿಯವರೂ ಒಟ್ಟಿಗೆ ಕೂತು ಇದನ್ನು ತಿನ್ನುವುದನ್ನು ಕಂಡಿದ್ದೇನೆ. ಅವರಲ್ಲಿ ಒಬ್ಬರು ಕೋಲಾರದವರು. ಅವರೆಯ ಸೊಗಡು ಮೂಗಿಗೆ ತಾಗಿದೊಡನೆ ಅವರು ಹೇಳಿದ್ದು ಒಂದೇ ಮಾತು: “ನಮ್ಮೂರು ಇಲ್ಲೇ ಇದೆಯಲ್ರೀ!”

ಉತ್ತರ ಕರ್ನಾಟಕದವರ ತೋಟ ಬೇರೆ ಕಡೆ ಇರುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಸೈಟಿನ ಶೆಡ್ಡಿನ ಪಕ್ಕವೇ ಒಂದು ಮಡಿ ಮಾಡಿಕೊಳ್ಳುತ್ತಾರೆ. ಕಲ್ಯಾಣಿನ ಒಂದು ಸೈಟಿನಲ್ಲಿ ಕಾವಲಿಗಿದ್ದ ದಂಪತಿ ಮರಳಿನ ರಾಶಿಯ ಹಿಂದೆ ಪುಂಡಿ, ಮೆಂತ್ಯೆ, ಹಸಿಮೆಣಸು ಬೆಳೆದಿದ್ದರು. ಪುಂಡಿಗೆ ಮರಾಠಿಯಲ್ಲಿ ಅಂಬಾಡಿ. ಆಕೆ ನಗುತ್ತಾ ಹೇಳಿದರು: “ಊರಾಗ ಹೊಲ ಐತ್ರಿ, ನೀರಿಲ್ಲ. ಇಲ್ಲಿ ಸ್ಲ್ಯಾಬಿಗೆ ಹೊಡಿಯೂ ನೀರು ಐತ್ರಿ, ಹೊಲ ಇಲ್ಲ. ಕಟ್ಟಡ ಏಳೂತನಕ ಪುಂಡಿ ನಮ್ದರಿ.” ಕಟ್ಟಡ ಎದ್ದಿತು, ಅವರು ಮುಂದಿನ ಸೈಟಿಗೆ ಹೋದರು. ಸೀರೆಯ ಸೆರಗಿನಲ್ಲಿ ಬೀಜ ಕಟ್ಟಿಕೊಂಡೇ ಹೋಗಿರುತ್ತಾರೆ.

ಇನ್ನು ರೈಲು ಹಳಿಯ ಪಕ್ಕದ ಪಾಲಕ್, ಬೆಂಡೆ, ಕೆಂಪು ಹರಿವೆ ಎಲ್ಲರೂ ನೋಡಿರುವಂಥದ್ದು. “ಹೆಚ್ಚು ಆಹಾರ ಬೆಳೆಯಿರಿ” ಯೋಜನೆಯಡಿ ರೈಲ್ವೆ ತನ್ನ ಖಾಲಿ ಜಾಗವನ್ನು ನೌಕರರಿಗೆ ಬೆಳೆಗೆ ಕೊಡುತ್ತಾ ಬಂದಿತ್ತು. ಹಳಿಯ ಬದಿ ಒತ್ತುವರಿ ಆಗದಿರಲು ಅದೊಂದು ಉಪಾಯವೂ ಹೌದು. ಗಟಾರದ ನೀರು ಹಾಯಿಸುತ್ತಾರೆ ಎಂಬ ದೂರು ಹಳೆಯದು. ಮನೆಯಲ್ಲಿ ಒಂದು ಹಿಡಿ ಸೊಪ್ಪಾದರೂ ತಾವೇ ಬೆಳೆಯಬೇಕು ಎಂದು ಅನೇಕರಿಗೆ ಅನಿಸಲು ಆ ದೂರೂ ಒಂದು ಕಾರಣ.

ಥಾಣೆಯ ಘೋಡಬಂದರ್ ರಸ್ತೆಯ ಎತ್ತರದ ಟವರುಗಳಲ್ಲಿ ಮಣ್ಣಿನ ಪಟ್ಟಿಯೇ ಇಲ್ಲ, ಎಲ್ಲವೂ ಬಾಲ್ಕನಿಯಲ್ಲಿ. ಯೇವೂರಿನ ಕಾಡು ಪಕ್ಕದಲ್ಲೇ ಇರುವುದರಿಂದ ಕೆಲವು ಕಟ್ಟಡಗಳಿಗೆ ಮಂಗಗಳೂ ಭೇಟಿ ಕೊಡುತ್ತವೆ. ಟೊಮೆಟೊ ಉಳಿಯದು, ಒಂದೆಲಗ, ಪುದೀನ, ಕರಿಬೇವು ಉಳಿಯುತ್ತವೆ. ಟೆರೇಸಿನಲ್ಲಿ ತೋಟ ಮಾಡಬಹುದೇ ಎಂದು ನನ್ನನ್ನು ಕೇಳುವವರಿಗೆ ಲೆಕ್ಕ ಹೇಳಿಬಿಡುತ್ತೇನೆ. ಜನ ಓಡಾಡುವ ಟೆರೇಸನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದಡಿ ಎತ್ತರ ಒದ್ದೆ ಮಣ್ಣು ತುಂಬಿದರೆ ಅದರ ತೂಕ ಅರ್ಧ ಟನ್ ಆಗುತ್ತದೆ. ಹಾಗಾಗಿ ಮಣ್ಣು ಕಮ್ಮಿ ಇರಲಿ, ಹಗುರ ವಸ್ತು ಜಾಸ್ತಿ ಇರಲಿ. ಫೆಬ್ರವರಿಗೆ ಗೆಜ್ಜೆ ಕಟ್ಟಿದ ಗಾಣಗಳ ರಸವಂತಿ ಅಂಗಡಿಗಳು ಶುರುವಾಗುತ್ತವಲ್ಲ, ಅಲ್ಲಿ ಕಬ್ಬಿನ ಸಿಪ್ಪೆ ಕೇಳಿದರೆ ಸಿಗುತ್ತದೆ. ಕೊಚ್ಚಿ, ಅಡುಗೆಮನೆ ಕಸದ ಜೊತೆ ಕೊಳೆಸಿದರೆ ಹಗುರವಾದ ಒಳ್ಳೆಯ ಗೊಬ್ಬರ. ಮುಂಬಯಿ ಬಂದರು ಟ್ರಸ್ಟಿನ ಕ್ಯಾಂಟೀನಿನ ಮಹಡಿಯಲ್ಲಿ ಪ್ರೀತಿ ಪಾಟೀಲ್ ಅವರು ಅಡುಗೆ ಕಸದಿಂದಲೇ ಹಣ್ಣು ತರಕಾರಿಯ ತೋಟ ಎಬ್ಬಿಸಿ ತೋರಿಸಿದ್ದರು. ಆದರೆ ಟೆರೇಸಿನ ವಾಟರ್‌ಪ್ರೂಫಿಂಗ್ ನೋಡದೆ ಕೈ ಹಾಕಬೇಡಿ. ಮೇಲಿನ ಮಾಳಿಗೆಯವರ ಸೀಲಿಂಗ್ ಸೋರಿದರೆ ತೋಟದ ಜೊತೆ ಸ್ನೇಹವೂ ಹೋಗುತ್ತದೆ.

ಈಗ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಡೊಂಬಿವಲಿ, ಕಲ್ಯಾಣ್, ಥಾಣೆಯ ಹಳೆ ಬಡಾವಣೆಗಳಲ್ಲಿ ಈಗ ಎಲ್ಲರ ಬಾಯಲ್ಲೂ ರಿಡೆವಲಪ್‌ಮೆಂಟ್. ಕಟ್ಟಡಗಳು ಸವೆದಿವೆ, ಸರಳು ತುಕ್ಕು ಹಿಡಿದಿದೆ. ಜೀವಕ್ಕೆ ಅಪಾಯ ಎಂದು ವರದಿಗೆ ಸಹಿ ಹಾಕುವವರಲ್ಲಿ ನಾನೂ ಒಬ್ಬ, ಮತ್ತು ಆ ಸಹಿ ಸರಿಯಾದದ್ದೇ. ಮಳೆಗಾಲದಲ್ಲಿ ಸ್ಲ್ಯಾಬ್ ಕುಸಿದ ಸುದ್ದಿ ನೀವೂ ಓದಿರುತ್ತೀರಿ. ಹೊಸ ಕಟ್ಟಡ ಬೇಕು. ಆದರೆ ಹೊಸ ನಕ್ಷೆಯಲ್ಲಿ ವಾಹನ ನಿಲುಗಡೆಗಾಗಿ ನೆಲಮಾಳಿಗೆಯನ್ನು ಗಡಿಯ ಸಮೀಪದವರೆಗೂ ಅಗೆಯುತ್ತಾರೆ, ಉಳಿದದ್ದಕ್ಕೆ ಪೇವರ್ ಬ್ಲಾಕ್. ಗಾರ್ಡನ್ ಎಂದು ಚಿತ್ರದಲ್ಲಿ ತೋರಿಸುವುದು ಪೋಡಿಯಮ್ ಮೇಲಿನ ಹುಲ್ಲು ಮತ್ತು ಅಲಂಕಾರದ ತಾಳೆಗಿಡ. ಅಲ್ಲಿ ಬಸಳೆ ಊರಿದರೆ ಮಾಲಿ ಕಿತ್ತುಹಾಕುತ್ತಾನೆ.

ನಮ್ಮ ಸೊಸೈಟಿಯ ಸಭೆಯಲ್ಲಿ ಕಾರ್ಪೆಟ್ ಏರಿಯಾ, ಬಾಡಿಗೆ, ಪಾರ್ಕಿಂಗ್ ಎಂದು ಎರಡು ಗಂಟೆ ಮಾತಾದ ಮೇಲೆ ಆಜಿ ಎದ್ದು ಕೇಳಿದ್ದು, “ಮಾಝ್ಯಾ ಕಢಿಪತ್ತ್ಯಾಚ ಕಾಯ್?” ನನ್ನ ಕರಿಬೇವಿನ ಕಥೆ ಏನು ಎಂದು. ಕೆಲವರು ನಕ್ಕರು. ಮೂರನೇ ಮಾಳಿಗೆಯ ಅಕ್ಕ ನಗಲಿಲ್ಲ. ಮಹಾರಾಷ್ಟ್ರದಲ್ಲಿ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಬಳ್ಳಿಗೆ, ಸೊಪ್ಪಿನ ಮಡಿಗೆ, ಅದರ ಸುತ್ತ ಬೆಳೆದ ನೆರೆಹೊರೆಗೆ ಯಾವ ಕಾಯ್ದೆಯೂ ಇಲ್ಲ. ಅದನ್ನು ಒಪ್ಪಂದದಲ್ಲಿ ನಾವೇ ಬರೆಸಿಕೊಳ್ಳಬೇಕು.

ಬರೆಸುವುದು ಕಷ್ಟವಲ್ಲ. ಅಗ್ನಿಶಾಮಕ ವಾಹನದ ದಾರಿ ಬಿಟ್ಟು ಒಂದು ಬದಿಯಲ್ಲಾದರೂ ಕೆಳಗೆ ನೆಲಮಾಳಿಗೆ ಇಲ್ಲದ, ನಿಜವಾದ ನೆಲಕ್ಕೆ ತಾಗಿದ ಮಣ್ಣಿನ ಪಟ್ಟಿ ಉಳಿಸಬೇಕು, ಅದನ್ನು ಸದಸ್ಯರೇ ಬಳಸಬೇಕು ಎಂಬ ಒಂದು ಸಾಲು ಸಾಕು. ಮಳೆನೀರು ಇಂಗಲೂ ಅದು ಬೇಕು. ನಕ್ಷೆ ಮಂಜೂರಾಗುವ ಮೊದಲು ಕೇಳಿದರೆ ಸಿಗಬಹುದು, ಆಮೇಲೆ ಕೇಳಿದರೆ ಸಿಗದು. ನಮ್ಮ ಬೇಡಿಕೆ ಪಟ್ಟಿಯಲ್ಲಿ ಅದು ಈಗ ಹದಿನಾಲ್ಕನೆಯ ಅಂಶ. ಬಿಲ್ಡರ್ ಕಡೆಯಿಂದ ಉತ್ತರ ಇನ್ನೂ ಬಂದಿಲ್ಲ.

ಉತ್ತರಕ್ಕೆ ಕಾಯದೆ ಅಕ್ಕ ಕೆಲಸ ಶುರುಮಾಡಿದ್ದಾರೆ. ಈ ಫೆಬ್ರವರಿಯಲ್ಲಿ ಬಳ್ಳಿ ತುಂಡುಮಾಡಿ ಹನ್ನೊಂದು ಮನೆಗೆ ಕೊಟ್ಟರು. ಒಂದು ಕಂತೆ ಕಲ್ಯಾಣಿನ ನಾದಿನಿಗೆ, ಒಂದು ಐರೋಲಿಯ ಗೆಳತಿಗೆ, ಇನ್ನೊಂದು ಆಜಿಯ ಮಗಳಿಗೆ. ಕರಿಬೇವಿನ ಬುಡದಲ್ಲಿ ತಾನಾಗಿ ಎದ್ದ ಮರಿಗಳನ್ನು ಆಜಿ ಎಣ್ಣೆ ಡಬ್ಬಿಗಳಿಗೆ ಎತ್ತಿ ನೆಟ್ಟು, ಮೆಟ್ಟಿಲ ಕೆಳಗೆ ಸಾಲಾಗಿ ಇಟ್ಟಿದ್ದಾರೆ. ವಾರಕ್ಕೊಮ್ಮೆ ನೀರು ಬಂದಾಗುವ ದಿನ ಯಾರ ಪಾಳಿ ಎಂದು ಮಕ್ಕಳು ಚೀಟಿ ಬರೆದು ಅಂಟಿಸಿದ್ದಾರೆ. ಬಾಡಿಗೆ ಮನೆಗೆ ಚದುರಿಹೋಗುವ ಮೂರು ನಾಲ್ಕು ವರ್ಷ ಈ ಗಿಡಗಳು ಬೇರೆ ಬೇರೆ ಬಾಲ್ಕನಿಗಳಲ್ಲಿ ಬೆಳೆಯುತ್ತವೆ. ಒಬ್ಬರದು ಒಣಗಿದರೂ ಇನ್ನೊಬ್ಬರಲ್ಲಿ ಬಳ್ಳಿ ಇರುತ್ತದೆ. “ಕೊಟ್ಟದ್ದು ಮಾತ್ರ ಉಳಿಯುತ್ತದೆ ಮಾರಾಯ್ರೆ, ಇಟ್ಟುಕೊಂಡದ್ದು ಬಿಲ್ಡರ್ ಪಾಲು” ಎನ್ನುತ್ತಾರೆ ಅಕ್ಕ.

ನಿಮ್ಮ ಸೊಸೈಟಿಯಲ್ಲೂ ಇಂಥ ಸಭೆ ನಡೆಯುವುದಿದ್ದರೆ, ಮಣ್ಣಿನ ಪಟ್ಟಿಯ ಆ ಒಂದು ಸಾಲನ್ನು ಮರೆಯದೆ ಸೇರಿಸಿ. ಯುಗಾದಿಗೆ, ಗುಡಿಪಾಡ್ವಾಕ್ಕೆ ಇನ್ನೂ ಸಮಯವಿದೆ. ಬೇವು ಹೂ ಬಿಡುವ ಮೊದಲು ಪಕ್ಕದ ಮನೆಯವರಿಂದ ಒಂದು ತುಂಡು ಬಳ್ಳಿ ಕೇಳಿ ತಂದು ಊರಿ. ಬದಲಿಗೆ ಏನಾದರೂ ಕೊಡುವುದನ್ನೂ ಮರೆಯಬೇಡಿ.